ಒಂದು ಕಂಪನಿ, ಮೂರು ಸಾಮಾನು, ಮೂರು ಗತಿ: ಗೋಲೈಟ್ ಪ್ರಕರಣದ ಅಧ್ಯಯನ

ಮಾರುಕಟ್ಟೆಯಿಂದ ಮಾಯವಾದ ಯಾವ ಸಾಮಾನು ಮರಳಿ ಬರಬೇಕು ಎಂದು ದೂರ ನಡೆಯುವ ಚಾರಣಿಗರನ್ನು ಕೇಳಿದರೆ ಗೋಲೈಟ್ ಎಂಬ ಹೆಸರು ಬೇಗ ಕಿವಿಗೆ ಬೀಳುತ್ತದೆ. ಅಮೆರಿಕದ ಕೊಲರಾಡೊ ರಾಜ್ಯದ ಬೌಲ್ಡರ್ ನಗರದಲ್ಲಿ 1998ರಲ್ಲಿ ಆರಂಭವಾಗಿ 2014ರಲ್ಲಿ ಬಾಗಿಲು ಹಾಕಿದ, ಹಗುರ ಚಾರಣ ಸಾಮಾನಿನ ಕಂಪನಿ ಅದು. ಮುಚ್ಚಿ ಇಷ್ಟು ವರ್ಷಗಳಾದರೂ ಅದರ ಬೆನ್ನುಚೀಲಗಳನ್ನು ಹೊತ್ತು ನಡೆಯುವವರಿದ್ದಾರೆ. ಪಟ್ಟಿ ಸವೆದರೆ ಹೊಲಿಸುತ್ತಾರೆ, ಬಕಲ್ ಮುರಿದರೆ ಬದಲಿಸುತ್ತಾರೆ, ಯಾರಾದರೂ ಹಳೆಯದೊಂದನ್ನು ಮಾರುತ್ತಾರೆಂದು ತಿಳಿದರೆ ತಕ್ಷಣ ಕೊಳ್ಳುತ್ತಾರೆ.

ಈ ಪ್ರಕರಣವನ್ನು ನಾನು ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಒಳ್ಳೆಯ ಸಾಮಾನೊಂದು ನಿಂತುಹೋದಾಗ ನಮ್ಮೆಲ್ಲರ ಪ್ರಶ್ನೆ ಒಂದೇ: ಇಷ್ಟು ಜನ ಮೆಚ್ಚಿದ್ದನ್ನು ಏಕೆ ನಿಲ್ಲಿಸಿದರು? ಪ್ರಶ್ನೆಯ ಒಳಗೆ ಒಂದು ನಂಬಿಕೆ ಅಡಗಿದೆ. ಮೆಚ್ಚುವವರು ಸಾಕಷ್ಟಿದ್ದರೆ ಸಾಮಾನು ಉಳಿಯುತ್ತದೆ ಎಂಬ ನಂಬಿಕೆ ಅದು. ಗೋಲೈಟ್ ಕಥೆ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುತ್ತದೆ. ಅದರ ಮೂರು ಸಾಮಾನುಗಳು, ಅಂದರೆ ಒಂದು ಕೊಡೆ, ಒಂದು ಡೇರೆ, ಒಂದು ಬೆನ್ನುಚೀಲ, ಒಂದೇ ಕಂಪನಿಯ ಜೊತೆ ಒಂದೇ ಸಮಯಕ್ಕೆ ಬಿದ್ದವು. ಮೂರಕ್ಕೂ ಅಭಿಮಾನಿಗಳಿದ್ದರು. ಆದರೆ ಕೊಡೆ ಕೂದಲೂ ಕೊಂಕದೆ ಉಳಿಯಿತು. ಡೇರೆ ಬೇರೆಯವರ ಕೈಯಲ್ಲಿ ಬೇರೆ ರೂಪ ತಾಳಿತು. ಬೆನ್ನುಚೀಲ ಮಾತ್ರ ಹೋಯಿತು. ಬಟ್ಟೆ ಯಾರ ಹತ್ತಿರವಿತ್ತು, ಹೊಲಿಯುವ ನಮೂನೆ ಯಾರ ಕೈಯಲ್ಲಿತ್ತು, ಕಾರ್ಖಾನೆಗೆ ದುಡ್ಡು ಕಟ್ಟಿ ಆರ್ಡರ್ ಕೊಡಬಲ್ಲವರು ಯಾರಿದ್ದರು ಎಂಬುದೇ ಈ ಮೂರರ ಗತಿಯನ್ನು ನಿರ್ಧರಿಸಿತು ಎನ್ನುವುದು ನನ್ನ ತೀರ್ಮಾನ. ಅದಕ್ಕೆ ಆಧಾರಗಳನ್ನು ಮುಂದೆ ಇಡುತ್ತೇನೆ.

ಹಿನ್ನೆಲೆ

ಗೋಲೈಟ್ ಕಟ್ಟಿದವರು ಡೆಮೆಟ್ರಿ ಕೂಪೂನಾಸ್ ಮತ್ತು ಕಿಮ್ ಕೂಪೂನಾಸ್ ದಂಪತಿ. ಅವರ ಕೈಗೆ ಬಂಡವಾಳಕ್ಕಿಂತ ದೊಡ್ಡದಾದ ಒಂದು ವಿಚಾರ ಸಿಕ್ಕಿತ್ತು, ಮತ್ತು ಆ ವಿಚಾರ ರೇ ಜಾರ್ಡಿನ್ ಅವರದು. ಬಂಡೆ ಹತ್ತುವವರಿಗೆ ಜಾರ್ಡಿನ್ ಹೆಸರು ಬೇರೊಂದು ಕಾರಣಕ್ಕೆ ಪರಿಚಿತ: ಬಿರುಕಿನೊಳಗೆ ಸ್ಪ್ರಿಂಗ್ ಬಲದಿಂದ ಕಚ್ಚಿ ಕೂರುವ 'ಫ್ರೆಂಡ್' ಎಂಬ ಸಾಧನವನ್ನು ರೂಪಿಸಿದವರು ಅವರೇ. 1970ರ ದಶಕದ ಕೊನೆಗೆ ಅದು ಮಾರುಕಟ್ಟೆಗೆ ಬಂದು ಬಂಡೆ ಹತ್ತುವ ರೀತಿಯನ್ನೇ ಬದಲಿಸಿತು. ಆಮೇಲೆ ಅವರ ಗಮನ ದೀರ್ಘ ನಡಿಗೆಯತ್ತ ತಿರುಗಿತು. ಮೆಕ್ಸಿಕೊ ಗಡಿಯಿಂದ ಕೆನಡಾ ಗಡಿಯವರೆಗೆ ಸುಮಾರು 4,200 ಕಿಲೋಮೀಟರ್ ಹಬ್ಬಿರುವ ಪೆಸಿಫಿಕ್ ಕ್ರೆಸ್ಟ್ ಟ್ರೇಲನ್ನು ಪತ್ನಿ ಜೆನ್ನಿಯೊಂದಿಗೆ 1987, 1991 ಮತ್ತು 1994ರಲ್ಲಿ ನಡೆದರು.

ಪ್ರತಿ ಸಲವೂ ಅವರ ಹೊರೆ ಇಳಿಯುತ್ತಾ ಹೋಯಿತು. ಆ ಕಾಲದ ಚಾರಣಿಗರು ಇಪ್ಪತ್ತು ಕಿಲೋ ಮೀರಿದ ಹೊರೆಯನ್ನು ಸಹಜವೆಂದು ಒಪ್ಪಿಕೊಂಡಿದ್ದರು. ಭಾರ ಹೊರಲು ದಪ್ಪ ಚೌಕಟ್ಟಿನ ಚೀಲ, ದಪ್ಪ ಚೀಲ ಹೊತ್ತವನಿಗೆ ಗಟ್ಟಿ ಬೂಟು, ಗಟ್ಟಿ ಬೂಟು ಹಾಕಿದವನ ನಡಿಗೆ ನಿಧಾನ, ನಿಧಾನವಾದರೆ ದಾರಿಗೆ ಇನ್ನಷ್ಟು ಆಹಾರ. ಜಾರ್ಡಿನ್ ಈ ಸರಪಳಿಯನ್ನು ಹಿಂದುಮುಂದಾಗಿ ಎಳೆದರು. ಹೊರೆ ಇಳಿಸಿದರೆ ಚೀಲಕ್ಕೆ ಚೌಕಟ್ಟು ಬೇಡ, ಸೊಂಟಪಟ್ಟಿಯೂ ಬೇಡ. ಡೇರೆಯ ಬದಲು ಒಂದು ಹೊದಿಕೆ ಬಟ್ಟೆ, ಸ್ಲೀಪಿಂಗ್ ಬ್ಯಾಗಿನ ಬದಲು ಒಂದು ರಜಾಯಿ, ಬೂಟಿನ ಬದಲು ಓಟದ ಶೂ. ತಮಗೆ ಬೇಕಾದುದನ್ನು ತಾವೇ ಹೊಲಿದುಕೊಂಡರು.

ಗೋಲೈಟ್ ಈ ವಿನ್ಯಾಸಗಳನ್ನು ಪರವಾನಗಿ ಪಡೆದು ಅಂಗಡಿಗೆ ತಂದಿತು. ಮೊದಲ ಸಾಲಿನಲ್ಲಿ ಬ್ರೀಜ್ ಎಂಬ ಬೆನ್ನುಚೀಲವಿತ್ತು. ಅದಕ್ಕೆ ಚೌಕಟ್ಟಿಲ್ಲ, ಸೊಂಟಪಟ್ಟಿಯಿಲ್ಲ. ತೂಕ ಅರ್ಧ ಕಿಲೋಗೂ ಕಡಿಮೆ. ಕೇವ್ ಎಂಬ ಹೊದಿಕೆ, ಅದರ ಕೆಳಗೆ ಕಟ್ಟಲು ನೆಸ್ಟ್ ಎಂಬ ಸೊಳ್ಳೆಪರದೆ, ಬಿಸಿಲಿಗೂ ಮಳೆಗೂ ಒಂದು ಕೊಡೆ. ಎರಡು ಕಿಲೋ ಮೀರಿದ ಚೀಲಗಳೇ ಸಾಲಾಗಿ ತೂಗುತ್ತಿದ್ದ ಅಂಗಡಿಗಳಲ್ಲಿ ಈ ಬ್ರೀಜ್ ಚೀಲವನ್ನು ನೋಡಿದವರಿಗೆ ಅದು ಯಾವುದೋ ಚೀಲದ ಒಳಚೀಲದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಜಾರ್ಡಿನ್ ಮತ್ತು ಕಂಪನಿ ಕೆಲವು ವರ್ಷಗಳಲ್ಲಿ ಬೇರೆಯಾದರು. ಜಾರ್ಡಿನ್ ತಮ್ಮ ವಿನ್ಯಾಸಗಳನ್ನು ಹೊಲಿಗೆ ಕಿಟ್‌ಗಳಾಗಿ ಮಾರುವ ದಾರಿ ಹಿಡಿದರು: ಬಟ್ಟೆ, ದಾರ, ಸೂಚನೆ ಕೊಡುತ್ತಾರೆ, ಹೊಲಿಯುವ ಕೆಲಸ ನಿಮ್ಮದು. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜ್ಯಾಮ್ ಚೀಲವನ್ನು ಬಿಚ್ಚಿ ನೋಡಿದರೆ

ಜಾರ್ಡಿನ್ ಹೋದ ಮೇಲೂ ಕಂಪನಿ ಬೆಳೆಯಿತು. ಬ್ರೀಜ್ ಚೀಲದ ತೀವ್ರತೆಯನ್ನು ಸ್ವಲ್ಪ ಮೆದುಗೊಳಿಸಿ ತಂದ ಜ್ಯಾಮ್ ಎಂಬ ಚೀಲವೇ ಇಂದಿಗೂ ಜನ ಹುಡುಕುವ ಸಾಮಾನು. ಅದು ಏಕೆ ಹಾಗೆ ಮನಸ್ಸಿಗೆ ಹಿಡಿಯಿತು ಎಂದು ತಿಳಿಯಲು ಅದನ್ನು ಕೈಗೆತ್ತಿಕೊಳ್ಳಬೇಕು.

ಮೊದಲು ಬಟ್ಟೆ. ಬಣ್ಣದ ನೈಲಾನಿನ ಮೇಲೆ ಸಣ್ಣ ಚೌಕಗಳಾಗಿ ಬಿಳಿ ಗೆರೆಗಳು ಓಡುತ್ತವೆ. ನೋಡಿದವರು ಅದನ್ನು ಅಲಂಕಾರ ಎಂದುಕೊಳ್ಳಬಹುದು. ಆ ಗೆರೆಗಳು ಡೈನೀಮಾ ಎಂಬ ಪಾಲಿಎಥಿಲೀನ್ ನೂಲು. ಡೈನೀಮಾ ಬಣ್ಣ ಹೀರುವುದಿಲ್ಲ. ಇಡೀ ಬಟ್ಟೆಯನ್ನು ಬಣ್ಣದಲ್ಲಿ ಅದ್ದಿದರೂ ಆ ನೂಲು ಬಿಳಿಯಾಗಿಯೇ ಉಳಿಯುತ್ತದೆ. ಮುಳ್ಳುಕಂಟಿ ತಗುಲಿ ನೈಲಾನ್ ಸೀಳಲು ಶುರುವಾದರೆ ಸೀಳು ಮುಂದಿನ ಬಿಳಿ ಗೆರೆಗೆ ಬಂದು ನಿಲ್ಲುತ್ತದೆ. ಇಡೀ ಚೀಲವನ್ನು ದಪ್ಪ ಬಟ್ಟೆಯಿಂದ ಹೊಲಿಯದೆಯೇ ಗಟ್ಟಿತನ ಪಡೆಯುವ ಉಪಾಯ ಇದು. ಹತ್ತು ಹದಿನೈದು ವರ್ಷದ ಚೀಲಗಳು ಇನ್ನೂ ಕೆಲಸಕ್ಕೆ ಬರುತ್ತಿರುವುದಕ್ಕೆ ದೊಡ್ಡ ಕಾರಣ ಈ ಬಟ್ಟೆಯೇ.

ಆಮೇಲೆ ತಳ. ಚೀಲದ ಅಡಿಯ ಎರಡು ಮೂಲೆಗಳಲ್ಲಿ ಎರಡು ಸಣ್ಣ ಕೊಕ್ಕೆಗಳು. ಅವನ್ನು ಮೇಲಕ್ಕೆ ಮಡಚಿ ಕುಣಿಕೆಗಳಿಗೆ ಸಿಕ್ಕಿಸಿದರೆ ತಳವೇ ಒಳಮಡಿಕೆಯಾಗಿ ಚೀಲ ಚಿಕ್ಕದಾಗುತ್ತದೆ. ಒಂದು ವಾರದ ನಡಿಗೆಗೆ ಒಯ್ದ ಚೀಲವನ್ನೇ ಒಂದು ದಿನದ ಸುತ್ತಾಟಕ್ಕೂ ಒಯ್ಯಬಹುದು, ಅರ್ಧ ಖಾಲಿ ಚೀಲ ಬೆನ್ನಿನ ಮೇಲೆ ಜೋಲಾಡುವುದಿಲ್ಲ. ಎರಡು ಪ್ಲಾಸ್ಟಿಕ್ ತುಣುಕುಗಳಿಂದ ಆಗುವ ಕೆಲಸ ಇದು. ಇಂತಹ ಕಡೆ ವಿನ್ಯಾಸಕಾರನ ಬುದ್ಧಿ ಕಾಣುತ್ತದೆ, ನನಗೆ ಆ ಚೀಲದ ಮೇಲೆ ಪ್ರೀತಿ ಹುಟ್ಟಿಸಿದ್ದೂ ಅದೇ.

ಒಳಗೆ ಚೌಕಟ್ಟಿಲ್ಲ. ಫೋಮ್ ಚಾಪೆಯನ್ನು ಒಳಗಿಟ್ಟು, ಸಾಮಾನನ್ನು ಬಿಗಿಯಾಗಿ ತುಂಬಿದಾಗ ಹೊರೆಯೇ ಚೀಲಕ್ಕೆ ಆಕಾರ ಕೊಡುತ್ತದೆ. ಇದಕ್ಕೆ ಮಿತಿಯಿದೆ. ಹತ್ತು ಹನ್ನೆರಡು ಕಿಲೋ ದಾಟಿದರೆ ಚೌಕಟ್ಟಿಲ್ಲದ ಯಾವ ಚೀಲವೂ ಭುಜಕ್ಕೆ ಭಾರ. ಜ್ಯಾಮ್ ಚೀಲವನ್ನು ಹೊಗಳುವವರು ಈ ಮಾತನ್ನು ಕೆಲವೊಮ್ಮೆ ಮರೆಯುತ್ತಾರೆ. ಮಿತಿಯೊಳಗೆ ಹೊತ್ತರೆ ಅದು ಬೆನ್ನಿಗೆ ಅಂಟಿಕೊಂಡು ನಡೆಯುತ್ತದೆ, ಮಿತಿ ಮೀರಿದರೆ ಕಷ್ಟ ಕೊಡುತ್ತದೆ.

ಇಷ್ಟೆಲ್ಲ ಇದ್ದೂ ಅದರ ತೂಕ ಒಂದು ಕಿಲೋಗಿಂತ ಕಡಿಮೆ, ಕೊನೆಯ ವರ್ಷಗಳಲ್ಲಿ ಬೆಲೆ ನೂರು ಡಾಲರಿನ ಆಸುಪಾಸು. ಈ ಬೆಲೆಯೇ ಪ್ರಕರಣದ ತಿರುಳು.

ಖಾಲಿಯಾದ ಮಧ್ಯದ ಜಾಗ

ಗೋಲೈಟ್ ಒಬ್ಬಂಟಿಯಾಗಿ ಹಗುರ ಸಾಮಾನು ಮಾಡಿದ ಕಂಪನಿ ಅಲ್ಲ. ಗ್ಲೆನ್ ವ್ಯಾನ್ ಪೆಸ್ಕಿ ಅವರ ಗೊಸಮರ್ ಗೇರ್ ಕೂಡ 1998ರಲ್ಲೇ ಶುರುವಾಯಿತು. ಹೆನ್ರಿ ಶೈರ್ಸ್ ಅವರ ಟಾರ್ಪ್‌ಟೆಂಟ್, ಯುಎಲ್ಎ, ಸಿಕ್ಸ್ ಮೂನ್ ಡಿಸೈನ್ಸ್, ಮೌಂಟನ್ ಲಾರೆಲ್ ಡಿಸೈನ್ಸ್ ಆ ಆಸುಪಾಸಿನ ವರ್ಷಗಳಲ್ಲಿ ಒಂದೊಂದಾಗಿ ಬಂದವು. ಅವೆಲ್ಲ ಸಣ್ಣ ಪ್ರಮಾಣದಲ್ಲಿ ಹುಟ್ಟಿದವು, ಹಲವು ಒಬ್ಬಿಬ್ಬರ ಕೈಕೆಲಸವಾಗಿ. ಇನ್ನೊಂದು ಕಡೆ ದೊಡ್ಡ ಬ್ರಾಂಡುಗಳು ಭಾರದ ಚೀಲಗಳನ್ನೇ ಮಾಡುತ್ತಿದ್ದವು. ಗೋಲೈಟ್ ನಿಂತಿದ್ದು ಇವೆರಡರ ನಡುವೆ. ವಿಚಾರ ಸಣ್ಣವರದು, ಉತ್ಪಾದನೆ ದೊಡ್ಡವರದು. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಹೊಲಿಸಿದ್ದರಿಂದ ಬೆಲೆ ಇಳಿಯಿತು. ಅಂಗಡಿಯಲ್ಲಿ ಸಿಗುತ್ತಿದ್ದುದರಿಂದ ಹೊಸಬರು ಬೆನ್ನಿಗೆ ಹಾಕಿ ನೋಡಿ ಕೊಳ್ಳಬಹುದಿತ್ತು. ತಿಂಗಳುಗಟ್ಟಲೆ ಕಾಯಬೇಕಿರಲಿಲ್ಲ.

ಅಂಗಡಿಯಲ್ಲಿ ಮುಟ್ಟಿ ನೋಡುವ ಈ ಅವಕಾಶವನ್ನು ನಾನು ದೊಡ್ಡದೆಂದು ಎಣಿಸುತ್ತೇನೆ. ಅರ್ಧ ಕಿಲೋ ತೂಗುವ ಚೀಲವನ್ನು ನಂಬಲು ಕಣ್ಣಿಗಿಂತ ಕೈ ಮುಖ್ಯ. ಹಗುರ ನಡಿಗೆ ಕೆಲವೇ ಉತ್ಸಾಹಿಗಳ ಗುಂಪಿನಿಂದ ಸಾಮಾನ್ಯ ಚಾರಣಿಗರ ಬಳಿಗೆ ಬಂದದ್ದರಲ್ಲಿ ಗೋಲೈಟ್ ಪಾಲು ಬಹಳ.

ಮುಚ್ಚಿದ ಬಗೆ

2010ರ ದಶಕದ ಆರಂಭದಲ್ಲಿ ಕಂಪನಿ ದೊಡ್ಡ ನಿರ್ಧಾರವೊಂದನ್ನು ತೆಗೆದುಕೊಂಡಿತು. ಬೇರೆಯವರ ಅಂಗಡಿಗಳಿಗೆ ಸಗಟು ಮಾರುವುದನ್ನು ಬಿಟ್ಟು ನೇರವಾಗಿ ಗ್ರಾಹಕರಿಗೇ ಮಾರತೊಡಗಿತು, ಅದಕ್ಕಾಗಿ ತನ್ನದೇ ಅಂಗಡಿಗಳನ್ನು ತೆರೆಯಿತು. ಲೆಕ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಇದೆ. ಚಿಲ್ಲರೆ ಅಂಗಡಿ ಸಾಮಾನ್ಯವಾಗಿ ಮಾರುವ ಬೆಲೆಯ ಅರ್ಧದ ಆಸುಪಾಸಿಗೆ ಸಾಮಾನು ಕೊಳ್ಳುತ್ತದೆ. ನಡುವಿನವರನ್ನು ತೆಗೆದರೆ ಬೆಲೆ ಇಳಿಸಿಯೂ ಕಂಪನಿಗೆ ಹೆಚ್ಚು ಉಳಿಯಬೇಕು. ಬೆಲೆ ಇಳಿಯಿತು, ಜನ ಸಂತೋಷಪಟ್ಟರು.

ಆದರೆ ಸಗಟು ವ್ಯಾಪಾರ ಕೊಡುವ ಒಂದು ಭದ್ರತೆ ಹೋಯಿತು. ಅಂಗಡಿಗಳು ಋತುವಿಗೆ ಮೊದಲೇ ಆರ್ಡರ್ ಕೊಡುತ್ತವೆ. ಎಷ್ಟು ಹೊಲಿಸಬೇಕೆಂದು ಕಂಪನಿಗೆ ಮುಂಚಿತವಾಗಿ ಗೊತ್ತಿರುತ್ತದೆ, ಬ್ಯಾಂಕಿಗೆ ತೋರಿಸಲು ಕಾಗದವಿರುತ್ತದೆ, ಮಾರದೆ ಉಳಿದ ಮಾಲಿನ ಹೊರೆ ಅಂಗಡಿಯವರ ತಲೆಗೆ ಹೋಗುತ್ತದೆ. ನೇರ ಮಾರಾಟದಲ್ಲಿ ಆ ಹೊರೆಯೆಲ್ಲ ಕಂಪನಿಯದೇ. ಮೇಲಿಂದ ಅಂಗಡಿಗಳ ಬಾಡಿಗೆ, ಸಂಬಳ, ದಾಸ್ತಾನು. 2014ರಲ್ಲಿ ಗೋಲೈಟ್ ದಿವಾಳಿಯಾಗಿ ಅಂಗಡಿಗಳು ಮುಚ್ಚಿದವು.

ಚೀಲ ಕೆಟ್ಟದ್ದಾಗಿತ್ತು, ಜನ ಕೊಳ್ಳುವುದನ್ನು ಬಿಟ್ಟರು ಎಂದು ಇದನ್ನು ಓದುವುದು ತಪ್ಪಾಗುತ್ತದೆ. ನನ್ನ ಪ್ರಕಾರ ಇಲ್ಲಿ ಇನ್ನೊಂದು ಕಹಿ ಲೆಕ್ಕವೂ ಕೆಲಸ ಮಾಡಿದೆ. ಹದಿನೈದು ವರ್ಷ ಬಾಳುವ ಚೀಲವನ್ನು ನೂರು ಡಾಲರಿಗೆ ಕೊಂಡವನು ಮುಂದಿನ ಹದಿನೈದು ವರ್ಷ ಆ ಅಂಗಡಿಗೆ ಚೀಲಕ್ಕಾಗಿ ಬರುವುದಿಲ್ಲ. ಹೊರಾಂಗಣ ಕಂಪನಿಗಳು ಉಡುಪಿನತ್ತ ವಾಲುವುದು ಇದೇ ಕಾರಣಕ್ಕೆ: ಜಾಕೆಟ್ಟಿನ ಬಣ್ಣ ವರ್ಷ ವರ್ಷ ಬದಲಾಗಬಹುದು, ಚೀಲದ ಬಣ್ಣ ನೋಡಿ ಚಾರಣಿಗ ಹೊಸದು ಕೊಳ್ಳುವುದಿಲ್ಲ. ನಾವು ಒಂದು ಸಾಮಾನನ್ನು ಯಾವ ಗುಣಕ್ಕಾಗಿ ಮೆಚ್ಚುತ್ತೇವೋ ಆ ಗುಣವೇ ಅದನ್ನು ಮಾಡುವವರ ಖಜಾನೆಯನ್ನು ಬರಿದು ಮಾಡಬಹುದು.

ಮೂರರ ಗತಿ

ಕೊಡೆಯ ಕಥೆ ಚಿಕ್ಕದು. ಕ್ರೋಮ್ ಡೋಮ್ ಎಂಬ ಬೆಳ್ಳಿಬಣ್ಣದ ಆ ಕೊಡೆ ತೂಗುವುದು ಸುಮಾರು ಕಾಲು ಕಿಲೋ, ಕಡ್ಡಿಗಳು ಫೈಬರ್‌ಗ್ಲಾಸಿನವು. ಪೆಸಿಫಿಕ್ ಕ್ರೆಸ್ಟ್ ಟ್ರೇಲಿನ ದಕ್ಷಿಣ ತುದಿಯ ಮರುಭೂಮಿಯಲ್ಲಿ ಮರದ ನೆರಳಿಲ್ಲದ ದಾರಿಗೆ ನೆರಳನ್ನು ಹೊತ್ತೊಯ್ಯುವ ಸಾಧನ ಅದು. ಅದನ್ನು ಗೋಲೈಟ್ ಹೆಸರಿಗೆ ಮಾಡಿಕೊಡುತ್ತಿದ್ದವರು ಜರ್ಮನಿಯ ಉಲ್ಮ್ ನಗರದ ಯೂರೋಶಿರ್ಮ್ ಎಂಬ ಕೊಡೆ ತಯಾರಕರು. ಗೋಲೈಟ್ ಬಿದ್ದಾಗ ಅವರ ಅಚ್ಚು, ಬಟ್ಟೆ, ಯಂತ್ರ ಯಾವುದಕ್ಕೂ ಧಕ್ಕೆಯಾಗಲಿಲ್ಲ. ತಮ್ಮ ಹೆಸರಿನಲ್ಲೂ ಇತರ ಹಗುರ ಸಾಮಾನಿನ ಕಂಪನಿಗಳ ಹೆಸರಿನಲ್ಲೂ ಅದೇ ಬಗೆಯ ಕೊಡೆ ಮಾರುಕಟ್ಟೆಯಲ್ಲಿ ಮುಂದುವರಿಯಿತು. ಹಿಡಿಯ ಮೇಲಿನ ಹೆಸರು ಬದಲಾಯಿತು, ಅಷ್ಟೇ.

ಡೇರೆಯದು ಉದ್ದದ ಕಥೆ. ಮೊದಲು ಹೆಕ್ಸ್ 3 ಎಂದೂ ಆಮೇಲೆ ಶಾಂಗ್ರಿ-ಲಾ 3 ಎಂದೂ ಕರೆಸಿಕೊಂಡ ಇದು ನಡುವೆ ಒಂದೇ ಕಂಬ ನಿಲ್ಲಿಸಿ ಆರು ಮೂಲೆಗಳನ್ನು ಗೂಟಕ್ಕೆ ಬಿಗಿಯುವ ಡೇರೆ. ನೆಲಹಾಸು ಜೊತೆಗೆ ಹೊಲಿದಿರಲಿಲ್ಲ. ಬೇಕಿದ್ದವರು ಒಳಪರದೆಯನ್ನು ಬೇರೆಯಾಗಿ ಕೊಳ್ಳಬಹುದಿತ್ತು, ಬೇಡದವರು ಸುಮಾರು ಒಂದು ಕಿಲೋ ತೂಕದಲ್ಲಿ ಮೂವರಿಗೆ ಸೂರು ಪಡೆಯುತ್ತಿದ್ದರು. ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಇಳಿಜಾರಾದ ಆರು ಮುಖಗಳಲ್ಲಿ ಒಂದರ ಮೇಲೆ ಜಾರಿ ಹೋಗುತ್ತದೆ. ಹಿಮ ಬಿದ್ದರೂ ನಿಲ್ಲದೆ ಕೆಳಗಿಳಿಯುತ್ತದೆ.

ಈ ಆಕಾರ ಗೋಲೈಟ್ ಸೃಷ್ಟಿಯಲ್ಲ. ಒಂಟಿ ಕಂಬದ ಪಿರಮಿಡ್ ಡೇರೆಯನ್ನು 1980ರ ದಶಕದಲ್ಲೇ ಶುಯಿನಾರ್ಡ್ ಇಕ್ವಿಪ್‌ಮೆಂಟ್ ಮಾರುತ್ತಿತ್ತು, 1989ರಲ್ಲಿ ಆ ಕಂಪನಿಯ ಆಸ್ತಿಯಿಂದ ಹುಟ್ಟಿದ ಬ್ಲ್ಯಾಕ್ ಡೈಮಂಡ್ ಅದನ್ನು ಮುಂದುವರಿಸಿತು. ಸಾಮೂಹಿಕ ಆಸ್ತಿಯಂತಿದ್ದ ಆಕಾರವನ್ನು ಹೊಲಿಯಲು ಯಾರ ಅಪ್ಪಣೆಯೂ ಬೇಡ. ಹೀಗಾಗಿ ಶಾಂಗ್ರಿ-ಲಾ ಹೋದ ಜಾಗಕ್ಕೆ ಸಣ್ಣ ತಯಾರಕರು ಬೇಗ ಬಂದರು.

ಬಂದವರು ಎರಡು ದಾರಿ ಹಿಡಿದರು. ಒಂದು ದಾರಿ ಡೈನೀಮಾ ಸಂಯೋಜಿತ ಬಟ್ಟೆಯದು. ಮೊದಲು ಕ್ಯೂಬೆನ್ ಫೈಬರ್ ಎನ್ನುತ್ತಿದ್ದ ಈ ಹಾಳೆಯಂತಹ ಬಟ್ಟೆ ನೀರು ಕುಡಿಯುವುದಿಲ್ಲ, ಒದ್ದೆಯಾದರೂ ಜೋಲುವುದಿಲ್ಲ, ತೂಕ ಅತಿ ಕಡಿಮೆ. ಬೆಲೆ ಮಾತ್ರ ಗೋಲೈಟ್ ಡೇರೆಯ ಹಲವು ಪಟ್ಟು. ಇನ್ನೊಂದು ದಾರಿ ಪಾಲಿಯೆಸ್ಟರಿನದು. ಗೋಲೈಟ್ ಕಾಲದ ಡೇರೆಗಳ ಬಟ್ಟೆಯಾದ ಸಿಲಿಕೋನ್ ಲೇಪಿತ ನೈಲಾನಿಗೆ ಒಂದು ದೌರ್ಬಲ್ಯವಿತ್ತು. ಮಳೆಯಲ್ಲಿ ನೆನೆದಾಗ ನೈಲಾನ್ ನೂಲು ಹಿಗ್ಗುತ್ತದೆ. ಸಂಜೆ ಬಿಗಿಯಾಗಿ ಕಟ್ಟಿದ ಡೇರೆ ಮಧ್ಯರಾತ್ರಿಗೆ ಸಡಿಲವಾಗಿ ಪಟಪಟ ಬಡಿಯುತ್ತದೆ, ಎದ್ದು ಹೋಗಿ ಹಗ್ಗ ಬಿಗಿಯಬೇಕು. ಪಾಲಿಯೆಸ್ಟರ್ ಹಾಗೆ ಹಿಗ್ಗುವುದಿಲ್ಲ. ಡ್ಯಾನ್ ಡರ್ಸ್ಟನ್ ವಿನ್ಯಾಸಗೊಳಿಸಿ 2018ರಲ್ಲಿ ಬಂದ ಎಕ್ಸ್-ಮಿಡ್ ಈ ಎರಡನೆಯ ದಾರಿಯದು. ಅದು ಆರು ಮೂಲೆಯ ಡೇರೆಯಲ್ಲ, ಎರಡು ಟ್ರೆಕ್ಕಿಂಗ್ ಕೋಲುಗಳ ಮೇಲೆ ನಿಲ್ಲುತ್ತದೆ. ಆದರೂ ಗೋಲೈಟ್ ಸ್ಥಾನವನ್ನು ತುಂಬಿದವರು ಯಾರು ಎಂದು ಕೇಳಿದರೆ ನಾನು ಅದನ್ನೇ ತೋರಿಸುತ್ತೇನೆ. ಒಬ್ಬ ಚಾರಣಿಗನ ವಿಚಾರ, ಕಾರ್ಖಾನೆಯ ಉತ್ಪಾದನೆ, ಕೈಗೆಟಕುವ ಬೆಲೆ ಎಂಬ ಮೂರೂ ಅಲ್ಲಿ ಮತ್ತೆ ಒಂದುಗೂಡಿದವು.

ಶಾಂಗ್ರಿ-ಲಾ ಮರಳಿ ಬರಲಿ ಎನ್ನುವವರಿಗೆ ನನ್ನ ಉತ್ತರ ಇದು: ಅದಕ್ಕಿಂತ ಒಳ್ಳೆಯ ಬಟ್ಟೆಯಲ್ಲಿ ಅದರ ಕೆಲಸ ಮಾಡುವ ಡೇರೆಗಳು ಈಗ ಇವೆ. ನೆನಪಿನ ಡೇರೆ ಮಧ್ಯರಾತ್ರಿಯಲ್ಲಿ ಸಡಿಲವಾಗುವುದಿಲ್ಲ, ನಿಜವಾದದ್ದು ಆಗುತ್ತಿತ್ತು.

ಬೆನ್ನುಚೀಲದ ವಿಷಯದಲ್ಲಿ ಈ ಉತ್ತರ ನಡೆಯುವುದಿಲ್ಲ. ಮುಚ್ಚಿದ ಬಳಿಕ ಡೆಮೆಟ್ರಿ ಕೂಪೂನಾಸ್ ಮೈ ಟ್ರೇಲ್ ಎಂಬ ಹೊಸ ಕಂಪನಿ ಕಟ್ಟಿ ಅದೇ ಬಗೆಯ ಸಾಮಾನು ತಂದರು. ಆದರೆ ಹಳೆಯ ಪ್ರಮಾಣ ಅದಕ್ಕೆ ದಕ್ಕಲಿಲ್ಲ. ಗೋಲೈಟ್ ಎಂಬ ಹೆಸರು ಬೇರೆಯವರ ಕೈಗೆ ಹೋಗಿ ಮುಖ್ಯವಾಗಿ ಉಡುಪಿನ ಬ್ರಾಂಡಾಗಿ ಮರಳಿತು. ಜ್ಯಾಮ್ ಚೀಲಕ್ಕಾಗಿ ಕಾಯುತ್ತಿದ್ದವರಿಗೆ ಅದರಿಂದ ಏನೂ ಸಿಗಲಿಲ್ಲ. ಸಣ್ಣ ತಯಾರಕರ ಚೀಲಗಳು ಚೆನ್ನಾಗಿವೆ, ಕೆಲವು ಜ್ಯಾಮ್‌ಗಿಂತ ಮೇಲು. ಆದರೆ ಬೆಲೆ ಎರಡು ಮೂರು ಪಟ್ಟು. ದೊಡ್ಡ ಬ್ರಾಂಡುಗಳು ಈಗ ಹಗುರ ಚೀಲ ಮಾಡುತ್ತವೆ ನಿಜ. ಅವು ತೂಕ ಇಳಿಸುವುದು ಹೆಚ್ಚಾಗಿ ಬಟ್ಟೆಯನ್ನು ತೆಳುವಾಗಿಸಿ, ಮೇಲೆ ಚೌಕಟ್ಟು, ಬಲೆ, ಪಟ್ಟಿಗಳನ್ನು ಉಳಿಸಿಕೊಂಡು. ಏನೂ ಇಲ್ಲದ, ಗಟ್ಟಿ ಬಟ್ಟೆಯ, ಅಗ್ಗದ ಐವತ್ತು ಲೀಟರಿನ ಚೀಲ ಎಂಬ ಜಾಗ ಹೆಚ್ಚುಕಡಿಮೆ ಖಾಲಿಯೇ ಇದೆ.

ಮರಳಿ ತರಲು ಏನು ಬೇಕು

ಚೀಲವನ್ನು ಹೊಲಿಯುವುದರಲ್ಲಿ ಗುಟ್ಟು ಏನೂ ಇಲ್ಲ. ಹಳೆಯ ಜ್ಯಾಮ್ ಒಂದರ ಹೊಲಿಗೆ ಬಿಚ್ಚಿದರೆ ನಮೂನೆಯೆಲ್ಲ ಮೇಜಿನ ಮೇಲೆ ಬರುತ್ತದೆ. ಚೌಕದ ಗೆರೆಯ ಬಟ್ಟೆ ಇಂದಿಗೂ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ನುರಿತ ಹೊಲಿಗೆಗಾರ ಒಂದನ್ನು ಮಾಡಿಕೊಡಬಲ್ಲ. ತೊಡಕಿರುವುದು ಒಂದರಿಂದ ಸಾವಿರಕ್ಕೆ ಹೋಗುವಾಗ.

ಬಟ್ಟೆ ಗಿರಣಿಗೆ ನಿಮ್ಮದೇ ಬಣ್ಣದ ಬಟ್ಟೆ ಬೇಕೆಂದರೆ ಕನಿಷ್ಠ ಇಷ್ಟು ಮೀಟರ್ ಎಂಬ ಷರತ್ತಿದೆ. ಹೊಲಿಗೆ ಕಾರ್ಖಾನೆ ಒಂದು ಮಾದರಿಗೆ ಸಾಲು ಹೊಂದಿಸಬೇಕಾದರೆ ಕನಿಷ್ಠ ಇಷ್ಟು ಚೀಲ ಎನ್ನುತ್ತದೆ. ಒಂದೇ ಚೀಲವನ್ನು ಎರಡು ಮೂರು ಬೆನ್ನಳತೆಯಲ್ಲಿ ಮಾಡಿದರೆ ಆ ಕನಿಷ್ಠ ಎರಡು ಮೂರು ಪಟ್ಟಾಗುತ್ತದೆ. ಹಣವನ್ನು ಮೊದಲೇ ಕಟ್ಟಬೇಕು, ಮಾಲು ತಿಂಗಳುಗಳ ನಂತರ ಬರುತ್ತದೆ, ಮಾರಾಟ ನಡೆಯುವುದು ನಡಿಗೆಯ ಋತುವಿನಲ್ಲಿ ಮಾತ್ರ. ಕೊಡೆಗೆ ಈ ಸಮಸ್ಯೆ ಬರಲಿಲ್ಲ, ಏಕೆಂದರೆ ತಯಾರಕನಿಗೆ ಕೊಡೆ ಮಾರುವ ಬೇರೆ ದಾರಿಗಳು ಮೊದಲೇ ಇದ್ದವು. ಡೇರೆಗೆ ಬೆನ್ನಳತೆಯ ಗೊಡವೆಯಿಲ್ಲ, ಒಂದೇ ಅಳತೆ ಎಲ್ಲರಿಗೂ ಸಾಕು, ಆದ್ದರಿಂದ ಸಣ್ಣ ಬಂಡವಾಳದವನೂ ಕಾರ್ಖಾನೆಗೆ ಹೋಗಬಲ್ಲ. ಬೆನ್ನುಚೀಲ ಮೈಗೆ ಹೊಂದಬೇಕಾದ ಸಾಮಾನು. ಹೊಂದದಿದ್ದರೆ ಗ್ರಾಹಕ ಹಿಂದಿರುಗಿಸುತ್ತಾನೆ, ಆ ಖರ್ಚೂ ಮಾರುವವನದೇ. ನೂರು ಡಾಲರಿನ ಚೀಲದಲ್ಲಿ ಇಷ್ಟೆಲ್ಲಕ್ಕೆ ಎಡೆ ಎಲ್ಲಿದೆ?

ಒಂದು ಹೋಲಿಕೆ ಉಪಯುಕ್ತ. ಅಮೆರಿಕದ ವರ್ಮಾಂಟ್ ಮೂಲದ ಉಣ್ಣೆ ಉಡುಪಿನ ಕಂಪನಿ ಐಬೆಕ್ಸ್ ಕೂಡ ಬಾಗಿಲು ಹಾಕಿತ್ತು, ಆದರೆ 2019ರಲ್ಲಿ ಹೊಸ ಒಡೆತನದಲ್ಲಿ ಮರಳಿತು. ಉಡುಪು ಸವೆಯುತ್ತದೆ, ಜನ ಮತ್ತೆ ಕೊಳ್ಳುತ್ತಾರೆ, ಹೆಸರಿಗೆ ಬೆಲೆ ಇರುತ್ತದೆ. ಹಾಗಾಗಿ ಆ ಹೆಸರಿನ ಮೇಲೆ ಹಣ ಹೂಡುವವರು ಸಿಕ್ಕರು. ಸವೆಯದ ಸಾಮಾನಿನ ಹೆಸರಿಗೆ ಅಂತಹ ಹೂಡಿಕೆದಾರ ಸಿಗುವುದು ಕಷ್ಟ.

ಜ್ಯಾಮ್ ಬಗೆಯ ಚೀಲ ಮತ್ತೆ ಬರುವುದಾದರೆ ಅದಕ್ಕೆ ಇರುವ ದಾರಿ ಮುಂಗಡ ಹಣದ್ದು ಎಂದು ನನಗನಿಸುತ್ತದೆ. ಬೇಕೆನ್ನುವವರು ಅಳತೆ ತಿಳಿಸಿ ಮೊದಲೇ ದುಡ್ಡು ಕಟ್ಟಬೇಕು. ಒಂದೇ ಬಣ್ಣ, ಎರಡೇ ಅಳತೆ, ವರ್ಷಕ್ಕೊಂದೇ ಉತ್ಪಾದನೆ. ಎಕ್ಸ್-ಮಿಡ್ ಮೊದಲು ಮಾರುಕಟ್ಟೆಗೆ ಬಂದದ್ದು ಜನರ ಬೇಡಿಕೆಯನ್ನು ಒಟ್ಟುಗೂಡಿಸಿ ಉತ್ಪಾದಿಸುತ್ತಿದ್ದ ಮಾಸ್‌ಡ್ರಾಪ್ (ಆಮೇಲೆ ಡ್ರಾಪ್) ಎಂಬ ಮಾರಾಟ ತಾಣದ ಮೂಲಕ ಎಂಬುದು ಇಲ್ಲಿ ಗಮನಾರ್ಹ. ಬರಲಿ ಬರಲಿ ಎಂದು ಹೇಳುವವರಲ್ಲಿ ಎಷ್ಟು ಮಂದಿ ಆರು ತಿಂಗಳು ಮುಂಚಿತವಾಗಿ ಹಣ ಕಟ್ಟುತ್ತಾರೋ ಅಷ್ಟೇ ನಿಜವಾದ ಬೇಡಿಕೆ.

ಹಳೆಯ ಚೀಲ ಕೈಯಲ್ಲಿರುವವರಿಗೆ, ಹುಡುಕುತ್ತಿರುವವರಿಗೆ

ಹಳೆಯದನ್ನು ಕೊಳ್ಳುವ ಮುನ್ನ ಮೂಗು ಬಳಸಿ. ಚೀಲದ ಒಳಬದಿಯ ಪಾಲಿಯುರೆಥೇನ್ ಲೇಪ ವರ್ಷಗಳಲ್ಲಿ ತೇವದಿಂದ ಒಡೆಯುತ್ತದೆ: ಹುಳಿ ವಾಸನೆ, ಕೈಗೆ ಅಂಟು, ಉಜ್ಜಿದರೆ ಸಿಪ್ಪೆಯಂತೆ ಉದುರುವಿಕೆ. ಇದು ಚೀಲದ ಸಾವಲ್ಲ. ಬಟ್ಟೆಯ ಬಲ ನೂಲಿನಲ್ಲಿದೆ, ಲೇಪದಲ್ಲಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಉಜ್ಜಿದರೆ ಹಳೆಯ ಲೇಪ ಬಿಡುತ್ತದೆ. ಆಮೇಲೆ ಒಳಗೆ ಗಟ್ಟಿ ಪ್ಲಾಸ್ಟಿಕ್ ಚೀಲ ಇಟ್ಟು ಸಾಮಾನು ತುಂಬಿದರೆ ಮಳೆಗೂ ಚಿಂತೆಯಿಲ್ಲ.

ಬಿಸಿಲಿನ ಹಾನಿ ಹೆಚ್ಚು ಗಂಭೀರ. ಬಣ್ಣ ಮಾಸಿದ ಕಡೆ, ಮುಖ್ಯವಾಗಿ ಚೀಲದ ಮೇಲ್ಭಾಗ ಮತ್ತು ಭುಜಪಟ್ಟಿ ಹೊಲಿದ ಜಾಗದಲ್ಲಿ, ಬಟ್ಟೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಜೋರಾಗಿ ಎಳೆಯಿರಿ. ಗೆರೆಗಳ ನಡುವಿನ ನೈಲಾನ್ ಕಾಗದದಂತೆ ಬಿಟ್ಟುಕೊಂಡರೆ ಆ ಚೀಲವನ್ನು ದಾರಿಗೆ ಒಯ್ಯಬೇಡಿ. ಹರಿದ ಕಡೆ ತೇಪೆ ಹಾಕುವಾಗ ಇಸ್ತ್ರಿಪೆಟ್ಟಿಗೆ ಮುಟ್ಟಿಸಬಾರದು. ನೈಲಾನ್ ತಡೆದರೂ ಡೈನೀಮಾ ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಸೂಜಿ ದಾರ ಅಥವಾ ಅಂಟುವ ತೇಪೆಯೇ ಸರಿ.

ಬಕಲ್ ಮುರಿದರೆ ಪಟ್ಟಿಯ ಅಗಲ ಅಳೆದು, ಹೊಲಿಗೆ ಬಿಚ್ಚದೆ ಪಟ್ಟಿ ತೂರಿಸಬಹುದಾದ ಸೀಳಿರುವ ಬಕಲ್ ತನ್ನಿ. ಭುಜಪಟ್ಟಿಯ ಫೋಮ್ ಚಪ್ಪಟೆಯಾಗಿದ್ದರೆ ಒಂದು ಬದಿಯ ಹೊಲಿಗೆ ಬಿಚ್ಚಿ ಹೊಸ ಫೋಮ್ ತುಂಬಿ ಹೊಲಿಸಬಹುದು. ಶಾಂಗ್ರಿ-ಲಾ ಡೇರೆ ಸೋರುತ್ತಿದ್ದರೆ ಬಹುಮಟ್ಟಿಗೆ ದೋಷ ಹೊಲಿಗೆಯ ಸಾಲಿನದು. ಸಿಲಿಕೋನಿಗೆ ಸಿಲಿಕೋನ್ ಮಾತ್ರ ಅಂಟುತ್ತದೆ. ಸಿಲಿಕೋನ್ ಸೀಲಂಟನ್ನು ಮಿನರಲ್ ಸ್ಪಿರಿಟ್ ಎಂಬ ಪೇಂಟ್ ದ್ರಾವಕದಲ್ಲಿ ತೆಳುವಾಗಿಸಿ, ಡೇರೆಯನ್ನು ಬಿಗಿಯಾಗಿ ಕಟ್ಟಿ ನಿಲ್ಲಿಸಿ, ಹೊರಗಿನಿಂದ ಕುಂಚದಲ್ಲಿ ಹಚ್ಚಿ ಒಂದು ದಿನ ಒಣಗಲು ಬಿಡಬೇಕು.

ಚೀಲ ದುರಸ್ತಿಗೂ ಮೀರಿದ್ದರೆ ಎಸೆಯುವ ಮೊದಲು ಹೊಲಿಗೆ ಬಿಚ್ಚಿ ತುಂಡುಗಳನ್ನು ಕಾಗದದ ಮೇಲೆ ಹರಡಿ ಗುರುತು ಮಾಡಿಕೊಳ್ಳಿ. ತಳದ ಕೊಕ್ಕೆ ಮತ್ತು ಕುಣಿಕೆಗಳ ಜಾಗವನ್ನು ಮರೆಯದೆ ಗುರುತಿಸಿ, ಆ ಚೀಲದ ಜಾಣ್ಮೆ ಇರುವುದು ಅಲ್ಲಿ. ಜಾರ್ಡಿನ್ ತಮ್ಮ ಮೊದಲ ಚೀಲಗಳನ್ನು ತಾವೇ ಹೊಲಿದುಕೊಂಡಿದ್ದರು, ಇಂದಿಗೂ ಕಿಟ್ ಕೊಳ್ಳುವವರು ಮಾಡುತ್ತಿರುವುದು ಅದನ್ನೇ. ಹಾಗೆ ಹೊಲಿದ ಚೀಲಕ್ಕೆ ಯಾವ ಕಂಪನಿಯ ಬಾಗಿಲು ಮುಚ್ಚಿದರೂ ಲೆಕ್ಕವಿಲ್ಲ. ಮೊದಲ ಸಲ ಹೊಲಿಯುವವರು ದುಬಾರಿ ಬಟ್ಟೆ ಕತ್ತರಿಸುವ ಮುನ್ನ ಹಳೆಯ ಹಾಸಿಗೆ ಬಟ್ಟೆಯಲ್ಲಿ ಒಂದು ಮಾದರಿ ಹೊಲಿದು, ಹತ್ತು ಕಿಲೋ ತುಂಬಿ, ಭುಜಪಟ್ಟಿಯ ಜಾಗ ತಮ್ಮ ಬೆನ್ನಿಗೆ ಸರಿಯಿದೆಯೇ ಎಂದು ನೋಡಿಕೊಳ್ಳಲಿ.